ಹೆಸರು ಕೊಡಬೇಡಿ, ಲೆಕ್ಕ ಕೇಳಿ

ಈ ಸಲ ಬಾಡಿಗೆ ಮನೆ, ಸೊಸೈಟಿ ಜಗಳದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಟ್ರಸ್ಟು, ಎನ್‌ಜಿಒ, ಸೇವಾಸಂಸ್ಥೆಗಳಲ್ಲಿ ದುಡಿಯುವವರಿಂದ ಒಂದೇ ಸಮನೆ ಪತ್ರಗಳು ಬರುತ್ತಿವೆ. ಫಂಡ್ ಇಲ್ಲ, ರೀಸ್ಟ್ರಕ್ಚರಿಂಗ್ ಮಾಡ್ತೀವಿ, ಕೆಲವರು ಹೋಗಬೇಕಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತಿದೆ. ಬರೆದವರಲ್ಲಿ ಕೆಲಸ ಕಳೆದುಕೊಳ್ಳುವವರಿದ್ದಾರೆ, ಅವರ ಪರ ಓಡಾಡುವ ಯೂನಿಯನ್ ಪ್ರತಿನಿಧಿಗಳಿದ್ದಾರೆ, ನನ್ನ ಮೇಲೆ ಕೋಪ ಮಾಡಿಕೊಂಡ ಒಬ್ಬ ಟ್ರಸ್ಟಿಯೂ ಇದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಮುಂಬೈಯ ಝೋಪಡಪಟ್ಟಿಗಳಲ್ಲಿ ಬಾಲವಾಡಿ ನಡೆಸುವ, ಟಿಬಿ ರೋಗಿಗಳನ್ನು ನೋಡಿಕೊಳ್ಳುವ ಒಂದು ಟ್ರಸ್ಟಿನಲ್ಲಿ ನಾನು ಫೀಲ್ಡ್ ಕೆಲಸ ಮಾಡುತ್ತೇನೆ. ನಮ್ಮ ಯೂನಿಯನ್ನಿನ ಯೂನಿಟ್ ಸೆಕ್ರೆಟರಿಯೂ ನಾನೇ. ಹೊರದೇಶದ ಫಂಡ್ ನಿಂತಿದೆ, ನಲವತ್ತು ಚಿಲ್ಲರೆ ಜನರಲ್ಲಿ ಹದಿನಾಲ್ಕು ಜನರನ್ನು ಕಡಿಮೆ ಮಾಡಬೇಕು ಅಂತ ಹೇಳಿದ್ದಾರೆ. ಮೊನ್ನೆ ಡೈರೆಕ್ಟರ್ ಮೇಡಂ ನನ್ನನ್ನು ಒಬ್ಬಳನ್ನೇ ಕರೆದು, 'ನಿನಗೆ ಎಲ್ಲರ ಮನೆ ಪರಿಸ್ಥಿತಿ ಗೊತ್ತು, ಯಾರಿಗೆ ಕೆಲಸ ಹೋದರೂ ನಡೆಯುತ್ತದೆ ಅಂತ ನೀನೇ ಹೇಳು' ಅಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಹೇಳಿದರೆ ತೀರಾ ಬಡವರನ್ನಾದರೂ ಉಳಿಸಬಹುದಲ್ವಾ? (ಡೊಂಬಿವಲಿ)

ಉತ್ತರ: ಹೇಳಬೇಡಿ ಅಕ್ಕ. ಒಂದೇ ಒಂದು ಹೆಸರನ್ನೂ ಹೇಳಬೇಡಿ.

ಮೇಡಂ ಒಳ್ಳೆಯವರೇ ಇರಬಹುದು. ಆದರೆ ಪಟ್ಟಿ ಮಾಡುವುದು ಸಂಬಳ ಕೊಡುವವರ ಕೆಲಸ, ಆ ಪಟ್ಟಿ ಸರಿ ಇದೆಯಾ ಅಂತ ಪ್ರಶ್ನೆ ಮಾಡುವುದು ನಿಮ್ಮ ಕೆಲಸ. ಎರಡನ್ನೂ ಒಬ್ಬರೇ ಮಾಡಲಿಕ್ಕಾಗುವುದಿಲ್ಲ. ನೀವು ಒಂದು ಹೆಸರು ಹೇಳಿದ ದಿನ ಸಂಜೆ ಲೋಕಲ್ ಹತ್ತುವುದರೊಳಗೆ ಅದು ಎಲ್ಲರಿಗೂ ಗೊತ್ತಾಗಿರುತ್ತದೆ, ಮರುದಿನದಿಂದ ಅದು 'ಯೂನಿಯನ್ ಒಪ್ಪಿದ ಪಟ್ಟಿ' ಆಗಿಬಿಡುತ್ತದೆ. ಆಮೇಲೆ ಆ ಹದಿನಾಲ್ಕರಲ್ಲಿ ಒಬ್ಬರು ಬಂದು 'ನನ್ನ ಪರ ಮಾತಾಡಿ ಅಕ್ಕ' ಅಂದರೆ ಯಾವ ಮುಖ ಇಟ್ಟುಕೊಂಡು ಹೋಗ್ತೀರಿ?

ಇನ್ನೊಂದು ವಿಷಯ. 'ಯಾರಿಗೆ ಕೆಲಸ ಹೋದರೂ ನಡೆಯುತ್ತದೆ' ಅಂತ ಹುಡುಕಲು ಕೂತರೆ ಸಿಗುವುದು ಯಾವಾಗಲೂ ಒಂದೇ ಥರದ ಹೆಸರುಗಳು. ಗಂಡನಿಗೆ ಪರ್ಮನೆಂಟ್ ಕೆಲಸ ಇರುವ ಹೆಂಗಸರು, ಮದುವೆಯಾಗದ ಹುಡುಗರು, ಊರಲ್ಲಿ ಒಂದಿಷ್ಟು ಜಮೀನು ಇರುವವರು. ಆ ಗಂಡ ಮನೆಗೆ ದುಡ್ಡು ಕೊಡುತ್ತಾನೋ ಇಲ್ಲವೋ, ಆ ಹುಡುಗ ಊರಲ್ಲಿ ಎಷ್ಟು ಜನರನ್ನು ಸಾಕುತ್ತಿದ್ದಾನೋ, ನಿಮಗೂ ಪೂರ್ತಿ ಗೊತ್ತಿರುವುದಿಲ್ಲ. ಮನೆಯ ಕಷ್ಟ ಅಳೆಯುವುದಕ್ಕೆ ಹೋಗಬೇಡಿ. ಯಾವ ಹುದ್ದೆ, ಎಷ್ಟು ವರ್ಷದ ಸರ್ವೀಸ್, ಆ ಕೆಲಸ ನಿಜವಾಗಲೂ ನಿಲ್ಲುತ್ತಿದೆಯಾ, ಇವನ್ನು ಅಳೆಯಬಹುದು.

ಮೇಡಂಗೆ ಯೂನಿಯನ್ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ, ಪ್ರತಿಯ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. ಯಾವ ಪ್ರಾಜೆಕ್ಟಿನ ದುಡ್ಡು ನಿಂತಿದೆ, ಎಷ್ಟು, ಯಾವ ತಿಂಗಳಿಂದ. ಹದಿನಾಲ್ಕು ಅನ್ನುವ ಲೆಕ್ಕ ಎಲ್ಲಿಂದ ಬಂತು. ಜನರ ಹೆಸರು ಬೇಡ, ಯಾವ ಯಾವ ಹುದ್ದೆ ಹೋಗುತ್ತದೆ ಅಂತ ಹೇಳಿ. ಒಂದೇ ಹುದ್ದೆಯಲ್ಲಿ ಆರು ಜನ ಇದ್ದು ಇಬ್ಬರು ಹೋಗಬೇಕಾದರೆ ಆ ಇಬ್ಬರನ್ನು ಹೇಗೆ ಆರಿಸುತ್ತೀರಿ. ಬೇರೆ ಪ್ರಾಜೆಕ್ಟಿನಲ್ಲಿ ಖಾಲಿ ಜಾಗ ಇದೆಯಾ. ಖರ್ಚು ಕಡಿಮೆ ಮಾಡಲು ಇದುವರೆಗೆ ಬೇರೆ ಏನು ಮಾಡಿದ್ದೀರಿ. ಹೋಗುವವರಿಗೆ ಎಷ್ಟು ಕೊಡುತ್ತೀರಿ, ಯಾವಾಗ ಕೊಡುತ್ತೀರಿ. ಇಷ್ಟಕ್ಕೆ ಬರೆದ ಉತ್ತರ ಬರುವ ತನಕ ಯಾರಿಗೂ ನೋಟಿಸ್ ಕೊಡಬಾರದು ಅಂತ ಕೊನೆಗೆ ಸೇರಿಸಿ.

ಫಂಡ್ ನಿಂತಿದೆ ಅನ್ನುವುದು ಸುಳ್ಳೇ ಆಗಿರಬೇಕಿಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು, ಅದೇ ವರ್ಷ ಜುಲೈ 1ಕ್ಕೆ ಅದರ ನೆರವು ಸಂಸ್ಥೆ ಯುಎಸ್‌ಏಡ್ ಕೆಲಸವನ್ನೇ ನಿಲ್ಲಿಸಿತು. ಟಿಬಿ, ಎಚ್‌ಐವಿ ಕೆಲಸ ಮಾಡುವವರಿಗೆ ಜೋರಾಗಿಯೇ ಪೆಟ್ಟು ಬಿತ್ತು. ಅದಕ್ಕೂ ಮುಂಚೆ 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯಲ್ಲಿ ವಿದೇಶಿ ದೇಣಿಗೆಯಿಂದ ಆಡಳಿತ ಖರ್ಚಿಗೆ ಬಳಸುವ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದೂ ಬಂದ್ ಆಯಿತು. ದೊಡ್ಡ ಸಂಸ್ಥೆಗಳ ಮೂಲಕ ಸಣ್ಣವರಿಗೆ ಬರುತ್ತಿದ್ದ ದುಡ್ಡು ಅಲ್ಲಿಗೆ ಮುಗಿಯಿತು. ಇದೆಲ್ಲ ನಿಜ. ಆದರೆ ಇದನ್ನೇ ಹಿಡಿದುಕೊಂಡು 'ಎಫ್‌ಸಿಆರ್‌ಎ ರೂಲ್ ಇದೆ, ಬಾಲವಾಡಿ ಟೀಚರುಗಳನ್ನು ತೆಗೆಯಲೇಬೇಕು' ಅಂದರೆ ಒಪ್ಪಬೇಡಿ. ಆ 20ರ ಮಿತಿ ಇರುವುದು ಆಡಳಿತ ಖರ್ಚಿಗೆ. ಸಂಸ್ಥೆ ಯಾವ ಸೇವೆಗೆಂದು ಇದೆಯೋ ಆ ಸೇವೆ ಮಾಡುವ ಟೀಚರು, ಡಾಕ್ಟರುಗಳ ಸಂಬಳ ಅದರಲ್ಲಿ ಸೇರುವುದಿಲ್ಲ.

ಲೆಕ್ಕ ಎಲ್ಲಿ ಸಿಗುತ್ತದೆ? ವಿದೇಶಿ ಹಣದ ವಾರ್ಷಿಕ ಲೆಕ್ಕವನ್ನು, ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಸಂಸ್ಥೆ ತನ್ನ ವೆಬ್‌ಸೈಟಿನಲ್ಲೋ ಸರ್ಕಾರ ಹೇಳಿದ ವೆಬ್‌ಸೈಟಿನಲ್ಲೋ ಹಾಕಬೇಕು. ಅದಲ್ಲದೆ ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳು ವರ್ಷ ವರ್ಷ ಆಡಿಟ್ ಮಾಡಿಸಿ, ಟ್ರಸ್ಟುಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನರ್ ಕಚೇರಿಗೆ ಕೊಡಬೇಕು. ನಿಮ್ಮ ಯೂನಿಯನ್ ಆಫೀಸಿನಲ್ಲಿ ಬ್ಯಾಲೆನ್ಸ್ ಶೀಟ್ ಓದಲು ಬರುವವರನ್ನು ಒಂದು ಸಂಜೆ ಕೂರಿಸಿಕೊಳ್ಳಿ. ಫಿಕ್ಸೆಡ್ ಡೆಪಾಸಿಟ್ ಎಷ್ಟಿದೆ, ಕನ್ಸಲ್ಟೆಂಟ್ ಫೀ ಅಂತ ಎಷ್ಟು ಹೋಗಿದೆ, ಹೋದ ವರ್ಷ ಎಷ್ಟು ಉಳಿದಿತ್ತು ಅಂತ ನೋಡಿ. ಸುಮ್ನೆ ಘೋಷಣೆ ಕೂಗುವುದಕ್ಕಿಂತ ಆ ಮೂರು ಅಂಕಿ ಮೀಟಿಂಗಿನಲ್ಲಿ ಜಾಸ್ತಿ ಕೆಲಸ ಮಾಡುತ್ತವೆ.

ಈಗ ಕಾನೂನು. ಇಲ್ಲಿ ಸ್ವಲ್ಪ ಕೆಟ್ಟ ಸುದ್ದಿಯೇ ಇದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತ್ತು, ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಲಾಭ ಇದೆಯೋ ಇಲ್ಲವೋ ಮುಖ್ಯ ಅಲ್ಲ, ಮಾಲೀಕರು ನೌಕರರು ಸೇರಿಕೊಂಡು ವ್ಯವಸ್ಥಿತವಾಗಿ ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಕೊಡುತ್ತಿದ್ದರೆ ಅದು ಉದ್ಯಮವೇ ಅಂತ. ಅದರಿಂದ ಧರ್ಮಾರ್ಥ ಸಂಸ್ಥೆಗಳ ನೌಕರರಲ್ಲೂ ಬಹಳ ಮಂದಿಗೆ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಸಿಗುತ್ತಿತ್ತು. ಒಂದು ತಿಂಗಳ ನೋಟಿಸ್, ಪ್ರತಿ ವರ್ಷದ ಸರ್ವೀಸಿಗೆ 15 ದಿನದ ಸಂಬಳ, ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನುವ ನಿಯಮ, ಎಲ್ಲ. 1982ರಲ್ಲೇ ಧರ್ಮಾರ್ಥ ಸಂಸ್ಥೆಗಳನ್ನು ಹೊರಗಿಡುವ ತಿದ್ದುಪಡಿ ಪಾಸಾಗಿತ್ತು, ಆದರೆ ಆ ಭಾಗವನ್ನು ಜಾರಿಗೆ ತರಲೇ ಇಲ್ಲ. ಈಗ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ಪೂರ್ತಿಯಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಾಮಾಜಿಕ ಸೇವೆಯಲ್ಲಿರುವ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು 'ಉದ್ಯಮ'ದಿಂದ ಹೊರಗೆ ಹಾಕಿದ್ದಾರೆ. ಹಾಗಾಗಿ ಆ 15 ದಿನದ ಲೆಕ್ಕ ತಾನಾಗಿಯೇ ಬರುತ್ತದೆ ಅಂತ ಸದಸ್ಯರಿಗೆ ಭರವಸೆ ಕೊಡಬೇಡಿ. 'ಬಹುಪಾಲು' ಅನ್ನುವುದರ ಮೇಲೆ ವಾದ ಮಾಡಬಹುದು, ಟ್ರಸ್ಟು ಪ್ರೆಸ್ಸೋ ಕ್ಯಾಂಟೀನೋ ನಡೆಸುತ್ತಿದ್ದರೆ ವಕೀಲರಿಗೆ ಅದನ್ನು ಹೇಳಿ.

ಕಾನೂನು ಕೊಡದೆ ಇದ್ದರೆ ಒಪ್ಪಂದದಲ್ಲಿ ಬರೆಸಬೇಕು, ಈಗ ಯೂನಿಯನ್ ಬೇಕಾಗಿರುವುದೇ ಅದಕ್ಕೆ. ವರ್ಷಕ್ಕೆ 15 ದಿನ ಅನ್ನುವುದು ಇಷ್ಟು ವರ್ಷ ಎಲ್ಲರೂ ಒಪ್ಪಿದ ಅಳತೆ, ಅಲ್ಲಿಂದ ಮಾತು ಶುರು ಮಾಡಿ. ಮತ್ತೆ ಫಂಡ್ ಬಂದರೆ ಹೊರಗೆ ಹೋದವರನ್ನೇ ಮೊದಲು ಕರೆಯಬೇಕು ಅಂತ ಒಂದು ಸಾಲು ಹಾಕಿಸಿ. ಎಲ್ಲರ ಅಪಾಯಿಂಟ್‌ಮೆಂಟ್ ಲೆಟರ್, ಎಚ್‌ಆರ್ ಮ್ಯಾನುಯಲ್ ತೆಗೆಸಿ ಓದಿ. ಎಷ್ಟೋ ಮ್ಯಾನುಯಲ್‌ಗಳಲ್ಲಿ ಮೂರು ತಿಂಗಳ ನೋಟಿಸ್ ಅಂತ ಇರುತ್ತದೆ, ಬರೆದವರೇ ಮರೆತಿರುತ್ತಾರೆ.

ಟಿಬಿ ರೋಗಿಗಳ ವಿಷಯ ನೀವು ಬರೆದಿಲ್ಲ, ಆದರೆ ಜಗಳ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಆರು ತಿಂಗಳು ಬಿಡದೆ ಮಾತ್ರೆ ನುಂಗಿಸಬೇಕಾದ ರೋಗಿಯನ್ನು ಫೀಲ್ಡಿನವರು ಅರ್ಧಕ್ಕೆ ಬಿಟ್ಟು ಬರುವುದಿಲ್ಲ. ಕೆಲಸದಿಂದ ತೆಗೆದ ಮೇಲೂ ಸ್ವಂತ ಫೋನು, ಸ್ವಂತ ರಿಕ್ಷಾ ಖರ್ಚಿನಲ್ಲಿ ಹೋಗಿ ನೋಡಿ ಬರುತ್ತಾರೆ. ಮೇಲಿನವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಮೊದಲ ಮೀಟಿಂಗಿನಲ್ಲೇ ಕೇಳಿ: ಯಾರ ರೋಗಿಗಳು ಯಾರ ಕೈಗೆ ಹೋಗುತ್ತಾರೆ, ಅದಕ್ಕೆ ಎಷ್ಟು ವಾರ ಬೇಕು, ಆ ವಾರಗಳ ಸಂಬಳ ಎಲ್ಲಿದೆ. ಉಳಿಯುವವರ ಮೇಲೆ ಎಷ್ಟು ಮನೆಗಳ ಭಾರ ಹೆಚ್ಚಾಗಿ ಬೀಳುತ್ತದೆ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿ. ಹೋಗುವವರ ಗಲಾಟೆಯಲ್ಲಿ ಉಳಿದವರನ್ನು ಯಾರೂ ಕೇಳುವುದೇ ಇಲ್ಲ, ಆರು ತಿಂಗಳಲ್ಲಿ ಅವರೂ ಸುಸ್ತಾಗಿ ಬಿಟ್ಟು ಹೋಗುತ್ತಾರೆ.

ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆಯಲು ಶುರು ಮಾಡಿದರೆ ನೀವು ಜೊತೆಗೆ ಕೂತುಕೊಳ್ಳಿ. ಒಳಗೆ ನೀವು ಜಾಸ್ತಿ ಮಾತಾಡಬೇಕಾಗಿಲ್ಲ. ಯಾರು ಏನಂದರು ಅಂತ ಬರೆದುಕೊಳ್ಳಿ, ಕರೆಸಿಕೊಂಡವರು ಅಳಲು ಶುರು ಮಾಡಿದರೆ ಹತ್ತು ನಿಮಿಷ ಬಿಡುವು ಕೇಳಿ, ಮುಗಿದ ಮೇಲೆ 'ಇವತ್ತು ಹೀಗೆ ಮಾತಾಯಿತು' ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಇನ್ನೊಂದು, ಪಟ್ಟಿಯಲ್ಲಿ ನಿಮ್ಮ ಹೆಸರೇ ಇದ್ದರೆ ನಿಮ್ಮ ಕೇಸನ್ನು ನೀವೇ ಹಿಡಿಯಬೇಡಿ, ಯೂನಿಯನ್ ಆಫೀಸಿನಿಂದ ಬೇರೆಯವರನ್ನು ಕಳಿಸಲು ಹೇಳಿ.

ಪ್ರಶ್ನೆ: ಹನ್ನೊಂದು ವರ್ಷ ಸರ್ವೀಸಾಗಿದೆ. 'ನೀವೇ ರಾಜೀನಾಮೆ ಕೊಡಿ, ಲೆಟರ್ ಚೆನ್ನಾಗಿ ಬರೆದು ಕೊಡ್ತೀವಿ, ಮುಂದಿನ ತಿಂಗಳಿಂದ ಕನ್ಸಲ್ಟೆಂಟ್ ಅಂತ ತಗೊಳ್ತೀವಿ, ಕೈಗೆ ಜಾಸ್ತಿಯೇ ಬರುತ್ತದೆ' ಅನ್ನುತ್ತಿದ್ದಾರೆ. ನಾಳೆಯೇ ಸಹಿ ಬೇಕಂತೆ. (ಠಾಣೆ)

ಉತ್ತರ: ನಾಳೆಯೇ ಬೇಕು ಅಂದರೆ ನಾಳೆ ಕೊಡಬೇಡಿ. ಯೂನಿಯನ್ ಜೊತೆ ಮಾತಾಡಿ ವಾರ ಬಿಟ್ಟು ಹೇಳ್ತೀನಿ ಅನ್ನಿ.

ರಾಜೀನಾಮೆ ಅಂದರೆ ನೀವಾಗಿ ಬಿಟ್ಟಿರಿ ಅಂತ ಅರ್ಥ. ಆಮೇಲೆ ಪರಿಹಾರ ಕೇಳಲು ಹೋದರೆ ನಿಮ್ಮದೇ ಸಹಿ ತೋರಿಸುತ್ತಾರೆ. ಕನ್ಸಲ್ಟೆಂಟ್ ಆದರೆ ಪಿಎಫ್ ನಿಂತಿತು, ಸಂಬಳದ ರಜೆ ನಿಂತಿತು, ಟಿಡಿಎಸ್ ಕಡಿಯುತ್ತಾರೆ, ಮೂರು ತಿಂಗಳಾದ ಮೇಲೆ ಒಂದು ಮೇಲ್ ಹಾಕಿ ಬೇಡ ಅಂದರೆ ಕೇಳುವವರಿಲ್ಲ. ಕೈಗೆ ಜಾಸ್ತಿ ಬರುವುದು ಪಿಎಫ್ ಕಡಿಯದೆ ಇರುವುದಕ್ಕೆ, ಅವರ ಔದಾರ್ಯಕ್ಕಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವೀಸಿನ ಲೆಕ್ಕಕ್ಕೆ ಸಿಗುವ ಹಣ, ಮಾತ್ರ ರಾಜೀನಾಮೆ ಕೊಟ್ಟರೂ ಸಿಗಬೇಕು, ಐದು ವರ್ಷ ಆಗಿದ್ದರೆ ಸಾಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ಸೇರಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ, 26ರಿಂದ ಭಾಗಿಸಿ. ನಿಮ್ಮದು 22,000 ಅಂತ ಇಟ್ಟುಕೊಂಡರೆ ಹನ್ನೊಂದು ವರ್ಷಕ್ಕೆ 1,39,615 ರೂಪಾಯಿ ಆಗುತ್ತದೆ. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಉಳಿದಿದ್ದರೆ ಅದನ್ನೂ ಒಂದು ವರ್ಷ ಅಂತ ಹಿಡಿಯಬೇಕು. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಬೇಸಿಕ್ ಬೇಕೆಂದೇ ಕಡಿಮೆ ಇಟ್ಟು ಮಿಕ್ಕದ್ದನ್ನು ಅಲವೆನ್ಸ್ ಅಂತ ತೋರಿಸಿದ್ದರೆ ಅದನ್ನೂ ಯೂನಿಯನ್‌ಗೆ ತಿಳಿಸಿ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಇಂಥ ಅಲವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಬೇಕು.

'ನಿಮಗೆ ಕೊಡುತ್ತಿದ್ದದ್ದು ಸಂಬಳ ಅಲ್ಲ, ಮಾನಧನ' ಅನ್ನುವ ಮಾತೂ ಬರಬಹುದು. 2022ರ ಏಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅವರ ಗೌರವಧನವನ್ನೂ ವೇತನ ಅಂತಲೇ ಹಿಡಿದು ಗ್ರಾಚ್ಯುಟಿ ಕೊಡಬೇಕು ಅಂದಿದೆ. ಆ ತೀರ್ಪಿನ ಒಂದು ಪ್ರತಿ ಪ್ರತಿ ಯೂನಿಟ್ ಸೆಕ್ರೆಟರಿಯ ಚೀಲದಲ್ಲಿ ಇರಬೇಕು.

ಅವರೇ ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು ಲೆಟರ್ ಕೊಡಲಿ. ಬಾಕಿ ಸಂಬಳ, ಕೆಲಸದಿಂದ ಬಿಟ್ಟ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. 'ಫುಲ್ ಅಂಡ್ ಫೈನಲ್ ಆರು ವಾರ ಆಗುತ್ತದೆ' ಅನ್ನುವ ಹಳೆ ಪಲ್ಲವಿಗೆ ತಲೆ ಆಡಿಸಬೇಡಿ. ಮತ್ತೆ, ಆಫೀಸ್ ಮೇಲ್ ಬಂದ್ ಮಾಡುವ ಮುಂಚೆಯೇ ಸಂಬಳದ ಸ್ಲಿಪ್, ಪಿಎಫ್ ಪಾಸ್‌ಬುಕ್, ಎಲ್ಲ ವರ್ಷದ ರಿನ್ಯೂವಲ್ ಲೆಟರ್ ನಿಮ್ಮ ಸ್ವಂತ ಫೋನಿಗೆ ಇಳಿಸಿಕೊಳ್ಳಿ. ರೋಗಿಗಳ ಮಾಹಿತಿ ಮಾತ್ರ ತೆಗೆದುಕೊಳ್ಳಬೇಡಿ, ಅದೊಂದು ನೆಪ ಅವರಿಗೆ ಸಿಕ್ಕರೆ ಮಿಕ್ಕ ಎಲ್ಲ ಮಾತು ಬಿದ್ದುಹೋಗುತ್ತದೆ.

ಪ್ರಶ್ನೆ: ನಾವು ಧಾರವಾಡ ಕಡೆಯವರು, ಪುಣೆಗೆ ಬಂದು ಬಹಳ ವರ್ಷ ಆಯ್ತು. ಮಗಳು ಲಂಡನ್ನಿನಲ್ಲಿ ಮನೆಯಿಲ್ಲದವರಿಗೆ ಸಹಾಯ ಮಾಡುವ ಒಂದು ಚಾರಿಟಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೂ ರೀಸ್ಟ್ರಕ್ಚರಿಂಗ್ ಅಂತೆ, ಐವತ್ತು ಹುದ್ದೆ ಹೋಗ್ತಾವಂತೆ. ಇಂಥ ಹೊತ್ತಿನಲ್ಲಿ ಇವಳು ಯೂನಿಯನ್ ಸ್ಟೀವರ್ಡ್ ಆಗಿ ನಿಂತಾಳ್ರೀ! ಮೊದಲು ಇವಳನ್ನೇ ತೆಗೀತಾರೆ ಅಂತ ನಮ್ಮ ಮನೆಯವಳು ಊಟ ಬಿಟ್ಟಾಳ. ಬೇಡ ಅಂತ ಹೇಳೋಣೇನು? (ಹಡಪಸರ, ಪುಣೆ)

ಉತ್ತರ: ಬೇಡ ಅನ್ನಬೇಡಿ ಸರ್, ಮನೆಯವರಿಗೆ ಊಟ ಮಾಡಲು ಹೇಳಿ. ಯೂನಿಯನ್ ಕೆಲಸ ಮಾಡಿದಳು ಅಂತ ಅವಳನ್ನೇ ಆರಿಸಿ ತೆಗೆದರೆ ಬ್ರಿಟನ್ನಿನ ಕಾನೂನಿನಲ್ಲಿ ಅದು ನೇರವಾಗಿ ಅನ್ಯಾಯದ ವಜಾ. ಸ್ಟೀವರ್ಡ್, ಅಂದರೆ ಕೆಲಸದ ಜಾಗದ ಯೂನಿಯನ್ ಪ್ರತಿನಿಧಿ, ಆದವಳಿಗೆ ತನ್ನ ಯೂನಿಯನ್ ಕೆಲಸಕ್ಕೆ ಸಂಬಳ ಸಹಿತ ಸಮಯ ಕೊಡಬೇಕು ಅಂತಲೂ ಇದೆ, ಮ್ಯಾನೇಜ್‌ಮೆಂಟ್ ಆ ಯೂನಿಯನ್ನನ್ನು ಮಾನ್ಯ ಮಾಡಿದ್ದರೆ.

ಅಲ್ಲಿಗೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಅಂದರೆ, ಚಾರಿಟಿ ಅನ್ನುವ ಕಾರಣಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಸಾಬೂನು ಮಾಡುವ ಕಂಪನಿಗೆ ಯಾವ ನಿಯಮವೋ ಚಾರಿಟಿಗೂ ಅದೇ. ಯುನೈಟ್, ಯೂನಿಸನ್ ಅನ್ನುವ ದೊಡ್ಡ ಯೂನಿಯನ್ನುಗಳಲ್ಲಿ ಚಾರಿಟಿ ನೌಕರರಿಗೆಂದೇ ಬೇರೆ ವಿಭಾಗಗಳಿವೆ. 90 ದಿನದೊಳಗೆ ಒಂದು ಕಡೆ 20 ಅಥವಾ ಅದಕ್ಕಿಂತ ಜಾಸ್ತಿ ಜನರನ್ನು ತೆಗೆಯುವುದಾದರೆ ಯೂನಿಯನ್ ಜೊತೆ ಸಮಾಲೋಚನೆ ಮಾಡಲೇಬೇಕು. 20ರಿಂದ 99 ಜನ ಆದರೆ ಮೊದಲನೆಯವರು ಹೋಗುವುದಕ್ಕೆ ಕನಿಷ್ಠ 30 ದಿನ ಮುಂಚೆ, 100 ಅಥವಾ ಅದಕ್ಕಿಂತ ಜಾಸ್ತಿ ಆದರೆ 45 ದಿನ ಮುಂಚೆ ಶುರು ಆಗಬೇಕು. ಕಾರಣ ಏನು, ಎಷ್ಟು ಜನ, ಯಾವ ಹುದ್ದೆ, ಹೇಗೆ ಆರಿಸುತ್ತೇವೆ, ಎಲ್ಲವನ್ನೂ ಬರೆದು ಕೊಡಬೇಕು. ಡೊಂಬಿವಲಿಯ ಅಕ್ಕನಿಗೆ ನಾನು ಕೇಳಿ ಪಡೆಯಿರಿ ಅಂದದ್ದು ಅಲ್ಲಿ ಕೇಳದೆಯೇ ಬರಬೇಕು.

ಬರಬೇಕು ಅಂದೆ, ಚೆನ್ನಾಗಿ ಬರುತ್ತದೆ ಅಂದಿಲ್ಲ. ಎಲ್ಲ ಮೊದಲೇ ನಿರ್ಧಾರ ಮಾಡಿ ಇಟ್ಟುಕೊಂಡು ಕಾಟಾಚಾರಕ್ಕೆ ಮೀಟಿಂಗ್ ಕರೆಯುವುದು ಅಲ್ಲೂ ಇದೆ. ನಿಮ್ಮ ಮಗಳ ಕೆಲಸ ಇರುವುದು ಅಲ್ಲಿ. ಈ ಎರಡು ಹುದ್ದೆಯನ್ನು ಸೇರಿಸಿ ಒಂದು ಮಾಡಿದ್ದೀರಿ, ಹೊಸ ಹುದ್ದೆಯ ಸಂಬಳ ಏಕೆ ಕಡಿಮೆ? ತಮ್ಮದೇ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿ ಇಂಟರ್‌ವ್ಯೂ ಕೊಡಿ ಅಂತ ಹನ್ನೆರಡು ವರ್ಷ ದುಡಿದವರಿಗೆ ಹೇಳುತ್ತೀರಲ್ಲ, ಆ ಇಂಟರ್‌ವ್ಯೂನಲ್ಲಿ ಅಂಕ ಕೊಡುವುದು ಯಾರು? ಬೇರೆ ಹುದ್ದೆ ಕೊಟ್ಟರೆ ನಾಲ್ಕು ವಾರ ಮಾಡಿ ನೋಡುವ ಅವಕಾಶ ಇದೆ, ಅದನ್ನು ಎಲ್ಲರಿಗೂ ತಿಳಿಸಿದ್ದೀರಾ? ಇಂಥವನ್ನು ಕೇಳುತ್ತಾ ಕೂರುವ ಕೆಲಸ ಅದು, ನೀವು ಅಂದುಕೊಂಡಂತೆ ಬಾವುಟ ಹಿಡಿದು ಬೀದಿಗೆ ಇಳಿಯುವುದು ಕಡಿಮೆ.

ನೀವು ನಿಜವಾಗಲೂ ಕೇಳಬೇಕಾಗಿದ್ದು ಬೇರೆ ಎರಡು ಪ್ರಶ್ನೆ. ಅವಳಿಗೆ ಅಲ್ಲಿ ಎರಡು ವರ್ಷ ಆಗಿದೆಯಾ? ಕಾನೂನಿನ ಪರಿಹಾರದ ಹಣ ಸಿಗುವುದು ಎರಡು ವರ್ಷ ಮುಗಿಸಿದವರಿಗೆ. ಆಮೇಲೆ, ವೀಸಾ ಯಾರದ್ದು? ಆ ಚಾರಿಟಿಯೇ ಸ್ಪಾನ್ಸರ್ ಮಾಡಿದ್ದರೆ, ಕೆಲಸ ಹೋದ ಮೇಲೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ನೋಟಿಸ್ ಅವಧಿ ಎಷ್ಟು ಉದ್ದ ಎಳೆಯಲು ಆಗುತ್ತದೋ ಅಷ್ಟು ಎಳೆಯಲಿ. ಅವಳ ಹಾಗೆ ವೀಸಾ ಮೇಲೆ ಇರುವವರು ಇನ್ನೂ ಇದ್ದರೆ ಅದನ್ನೇ ಒಂದು ವಿಷಯ ಮಾಡಿ ಮೀಟಿಂಗಿನಲ್ಲಿ ಇಡಲಿ. ಅಲ್ಲಿಯವರಿಗೆ ಇದು ತಾನಾಗಿ ಹೊಳೆಯುವುದಿಲ್ಲ.

ಪ್ರಶ್ನೆ: ಹೆರಿಗೆ ರಜೆಯಲ್ಲಿದ್ದೇನೆ. ನನ್ನ ಹುದ್ದೆಯೇ ಇನ್ನಿಲ್ಲ, ಬರುವ ತಿಂಗಳಿಂದ ಬರಬೇಡಿ ಅಂತ ವಾಟ್ಸಾಪಿನಲ್ಲಿ ಹಾಕಿದ್ದಾರೆ. ಆಫೀಸಿನಲ್ಲಿ ಮೂವತ್ತು ಜನ ಇದ್ದೇವೆ. (ವಾಸ್ಕೋ, ಗೋವಾ)

ಉತ್ತರ: ಮೊದಲು ಮಗುವಿಗೂ ನಿಮಗೂ ಒಳ್ಳೆಯದಾಗಲಿ. ಹೆರಿಗೆ ರಜೆಯಲ್ಲಿ ಇರುವಾಗ ತೆಗೆಯುವ ಹಾಗಿಲ್ಲ, ರಜೆ ಮುಗಿಯುವ ಮುಂಚೆ ಜಾರಿಯಾಗುವಂಥ ನೋಟಿಸ್ ಕೂಡ ಕೊಡುವ ಹಾಗಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಇರುವ ನಿಯಮ ಇದು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಇದರಲ್ಲಿ ಧರ್ಮಾರ್ಥ ಸಂಸ್ಥೆ ಅಂತ ತಪ್ಪಿಸಿಕೊಳ್ಳುವುದು ಕಷ್ಟ. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಡಿಲೀಟ್ ಮಾಡುವ ಮುಂಚೆ. 26 ವಾರದ ರಜೆಯ ಸಂಬಳ ಪೂರ್ತಿ ಕೇಳಿ ಒಂದು ಮೇಲ್ ಹಾಕಿ, ಉತ್ತರ ಬರದಿದ್ದರೆ ಪಣಜಿಯ ಲೇಬರ್ ಕಮಿಷನರ್ ಕಚೇರಿಗೆ ಅರ್ಜಿ ಕೊಡಿ. ನೀವು ಓಡಾಡಬೇಡಿ. ಯೂನಿಯನ್ ಪ್ರತಿನಿಧಿಗೋ ಮನೆಯವರಿಗೋ ಅಧಿಕಾರ ಪತ್ರ ಬರೆದುಕೊಟ್ಟು ಕಳಿಸಿ.

ಪ್ರಶ್ನೆ: ಅಲ್ಲ ಸ್ವಾಮಿ, ಸೇವೆ ಮಾಡುವ ಜಾಗಕ್ಕೂ ಯೂನಿಯನ್ ತರಬೇಕೇ? ನಾನೊಬ್ಬ ಟ್ರಸ್ಟಿ. ಇಷ್ಟು ವರ್ಷದಲ್ಲಿ ಟ್ರಸ್ಟಿನಿಂದ ಒಂದು ಕಪ್ ಚಹಾ ಕುಡಿದಿಲ್ಲ. ದಾನಿಗಳು ಕೊಟ್ಟ ದುಡ್ಡು ಬಡವರಿಗೆ ಹೋಗಬೇಕೋ, ನೌಕರರ ಪರಿಹಾರಕ್ಕೆ ಹೋಗಬೇಕೋ ನೀವೇ ಹೇಳಿ. (ಮುಲುಂಡ್)

ಉತ್ತರ: ಚಹಾ ಕುಡಿಯಿರಿ ಸಾರ್, ಅದರಿಂದ ಟ್ರಸ್ಟು ಮುಳುಗುವುದಿಲ್ಲ. ನಿಮಗೆ ಸಂಬಳ ಬೇಡ, ಏಕೆಂದರೆ ಬೇರೆ ಕಡೆ ಆದಾಯ ಇದೆ. ನಿಮ್ಮ ಫೀಲ್ಡಿನ ಹುಡುಗಿಗೆ ಸಂಬಳವೇ ಆದಾಯ. ಮತ್ತೆ ಬಡವರಿಗೆ ಹೋಗಬೇಕಾದ ದುಡ್ಡು ಅಂದಿರಿ. ಬಾಲವಾಡಿಗೆ ಹೋಗುವ ಮಗುವಿನ ಹತ್ತಿರ ನಿಮ್ಮ ದಾನಿಯ ಚೆಕ್ ನಡೆದುಕೊಂಡು ಹೋಗುವುದಿಲ್ಲ, ಆ ಟೀಚರೇ ಹೋಗಬೇಕು.

ಯೂನಿಯನ್ ನಮ್ಮವರಿಗೆ ಹೊರಗಿನದು ಅನ್ನುವ ಹಾಗೆ ಬರೆದಿದ್ದೀರಿ. ಮುಂಬೈ ಬಂದರಿನ ಪಕ್ಕದ ರಸ್ತೆಗೆ ಪಿ. ಡಿಮೆಲ್ಲೊ ಅವರ ಹೆಸರಿದೆಯಲ್ಲ, ಬಂದರು ಕಾರ್ಮಿಕರನ್ನು ಕಟ್ಟಿದ ಆ ಮನುಷ್ಯ ನಮ್ಮ ಕರಾವಳಿಯವರು. ಅವರ ಕೈಕೆಳಗೆ ಪಳಗಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಟ್ಯಾಕ್ಸಿಯವರನ್ನು, ಹೋಟೆಲಿನವರನ್ನು ಸೇರಿಸಿದರು, 1967ರಲ್ಲಿ ದಕ್ಷಿಣ ಮುಂಬೈ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಹೋಟೆಲ್ ಮಾಲೀಕರಲ್ಲೂ ನಮ್ಮವರೇ ಜಾಸ್ತಿ ಇದ್ದರು ಅನ್ನುವುದು ಬೇರೆ ಮಾತು, ಆ ಜಗಳಗಳನ್ನು ಕೇಳಬೇಕಿದ್ದರೆ ಮಾತುಂಗಾದ ಯಾವುದಾದರೂ ಹಳಬರನ್ನು ಹಿಡಿಯಿರಿ.

ಪರಿಹಾರದ ವಿಷಯಕ್ಕೆ ಬರುತ್ತೇನೆ. ಗ್ರಾಚ್ಯುಟಿ ದಾನ ಅಲ್ಲ, ಸಾಲ. ನೌಕರ ಕೆಲಸ ಮಾಡಿದ ಪ್ರತಿ ವರ್ಷ ಅದು ನಿಮ್ಮ ಪುಸ್ತಕದಲ್ಲಿ ಬೆಳೆಯುತ್ತಾ ಇರುತ್ತದೆ, ಅದಕ್ಕೆ ದುಡ್ಡು ತೆಗೆದಿಡದೆ ಇದ್ದದ್ದು ಟ್ರಸ್ಟಿಗಳ ಹೊಣೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡಿಗೆ ಪ್ರಪೋಸಲ್ ಬರೆಯುವಾಗ ಪೋಸ್ಟರಿಗೆ ಎಷ್ಟು, ಬ್ಯಾನರಿಗೆ ಎಷ್ಟು ಅಂತ ಬರೆಯುತ್ತೀರಿ, ಪ್ರಾಜೆಕ್ಟ್ ಮುಗಿದಾಗ ನೌಕರರಿಗೆ ಕೊಡಬೇಕಾದ ನೋಟಿಸ್ ಸಂಬಳ ಮತ್ತು ಗ್ರಾಚ್ಯುಟಿಯ ಸಾಲನ್ನು ಏಕೆ ಬರೆಯುವುದಿಲ್ಲ? ಕೇಳಿದರೆ ಕೊಡುವ ಕಂಪನಿಗಳಿವೆ. ಕೇಳಲು ನಾಚಿಕೆ ಪಡುತ್ತೀರಿ, ಖರ್ಚು ಜಾಸ್ತಿ ಕಾಣಿಸಿದರೆ ಬೇರೆ ಸಂಸ್ಥೆಗೆ ಹೋಗಿಬಿಡುತ್ತಾರೆ ಅಂತ ಹೆದರುತ್ತೀರಿ. ಆ ಹೆದರಿಕೆಯ ಬಿಲ್ಲನ್ನು ಈಗ ಫೀಲ್ಡಿನವರು ಕಟ್ಟುತ್ತಿದ್ದಾರೆ.

ಒಂದು ಮಾತು ಒಪ್ಪುತ್ತೇನೆ. ದುಡ್ಡು ನಿಜವಾಗಲೂ ಇಲ್ಲ ಅಂದರೆ ಯೂನಿಯನ್ ಕೂಗಿದರೂ ಬರುವುದಿಲ್ಲ. ಅದಕ್ಕೇ ಹೇಳುವುದು, ಬ್ಯಾಂಕಿನಲ್ಲಿ ಎಂಟು ತಿಂಗಳ ಸಂಬಳ ಇರುವಾಗಲೇ ಪ್ರತಿನಿಧಿಗಳನ್ನು ಕರೆದು ಪುಸ್ತಕ ತೆರೆದು ತೋರಿಸಿ. ಯಾವ ಸೆಂಟರಿನ ಬಾಡಿಗೆ ದಂಡ, ಯಾವ ಗಾಡಿ ಸುಮ್ನೆ ನಿಂತಿದೆ, ಯಾವ ರಿಪೋರ್ಟ್ ಯಾರೂ ಓದುವುದಿಲ್ಲ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದೇ ತಿಂಗಳ ಸಂಬಳ ಉಳಿದಿರುವಾಗ ಕರೆದರೆ ಜಗಳ ಬಿಟ್ಟು ಇನ್ನೇನು ಆಗುತ್ತದೆ? ಹಾಂ, ಕಟ್ಟಡ ಮಾರಿ ಸರಿ ಮಾಡ್ತೀವಿ ಅಂತ ಹೊರಟಿದ್ದರೆ, ಮೊದಲು ಚಾರಿಟಿ ಕಮಿಷನರ್ ಅನುಮತಿ ಬೇಕು, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 36ನೇ ಕಲಮು ನಿಮಗೆ ಗೊತ್ತೇ ಇರುತ್ತದೆ.

ಪ್ರಶ್ನೆ: ನಮ್ಮಲ್ಲಿ ಯೂನಿಯನ್ನೇ ಇಲ್ಲ. ಈಗ ಉಳಿದಿರುವುದು ಒಂಬತ್ತೇ ಜನ, ಹೋದ ವರ್ಷ ಹದಿಮೂರು ಇದ್ದೆವು. ಹತ್ತಕ್ಕಿಂತ ಕಡಿಮೆ ಇದ್ದರೆ ಗ್ರಾಚ್ಯುಟಿ ಇಲ್ಲ ಅಂತ ಅಕೌಂಟೆಂಟ್ ಹೇಳುತ್ತಾರೆ, ಹೌದಾ? (ನೆರೂಳ್, ನವಿ ಮುಂಬೈ)

ಉತ್ತರ: ಅರ್ಧ ಮಾತ್ರ ಹೇಳಿದ್ದಾರೆ. ಒಂದು ಸಲ ಹತ್ತು ಜನ ಇದ್ದು ಕಾಯ್ದೆ ಅನ್ವಯ ಆಯಿತು ಅಂದರೆ, ಆಮೇಲೆ ಸಂಖ್ಯೆ ಇಳಿದರೂ ಅದು ಅನ್ವಯ ಆಗುತ್ತಲೇ ಇರುತ್ತದೆ. ಹದಿಮೂರು ಜನ ಇದ್ದಾಗಿನ ಹಾಜರಿ ಪುಸ್ತಕದ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಅವತ್ತಿನ ಗ್ರೂಪ್ ಇನ್ಶೂರೆನ್ಸ್ ಪಟ್ಟಿ ಇದ್ದರೆ ಅದೂ ಆಗುತ್ತದೆ.

ಒಂಬತ್ತು ಜನಕ್ಕೆ ಹೊಸ ಯೂನಿಯನ್ ಕಟ್ಟಲು ಹೋಗಬೇಡಿ, ಈ ಹೊತ್ತಿನಲ್ಲಿ ಅಷ್ಟು ಸಮಯ ಇಲ್ಲ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ಕಲಮಿನಲ್ಲೇ ಇದೆ, ಯಾರೂ ಬೇಡ ಅನ್ನುವ ಹಾಗಿಲ್ಲ, ಆದರೆ ಈಗಾಗಲೇ ನಡೆಯುತ್ತಿರುವ ಯಾವುದಾದರೂ ಜನರಲ್ ಯೂನಿಯನ್ನಿಗೆ ಸೇರಿಕೊಳ್ಳುವುದು ಸುಲಭ. ಒಂಬತ್ತೂ ಜನ ಒಂದೇ ದಿನ ಫಾರ್ಮ್ ತುಂಬಿ. ಪ್ರತಿನಿಧಿ ಆಗಿ ಜೋರಾಗಿ ಮಾತಾಡುವವರನ್ನು ಆರಿಸಬೇಡಿ, ಕಾಗದ ಜೋಪಾನ ಮಾಡುವವರನ್ನು ಆರಿಸಿ. ಅಕೌಂಟೆಂಟ್ ಹತ್ತಿರ ಈ ಉತ್ತರವನ್ನು ಬರೆದು ಕೊಡಿ ಅಂತ ಕೇಳಿ, ಬಾಯಿ ಮಾತಲ್ಲಿ ಹೇಳಿದ್ದನ್ನು ಅವರು ಬರೆದು ಕೊಡುತ್ತಾರೋ ನೋಡೋಣ. ಏನಂದರು ಅಂತ ಮುಂದಿನ ಸಂಚಿಕೆಯ ಹೊತ್ತಿಗೆ ನನಗೊಂದು ಸಾಲು ಬರೆಯಿರಿ.